ಮಸಿ ಹತ್ತದ ಒಲೆ

ಮಹಿಳಾ ಸಂಘದವರು ಕೊಟ್ಟ ಹೊಗೆಯಿಲ್ಲದ ಒಲೆಯನ್ನು ಅವ್ವ ಸೀರೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟಿದ್ದಳು. ಕೆಳಗೆ ಹಳೆಯ ಒಲೆಯನ್ನೇ ಊದುತ್ತ ಕೆಮ್ಮುತ್ತಿದ್ದಳು.

“ಹೊಗಿ ಕುಡೀಬ್ಯಾಡ ಅಂತ ಡಾಕ್ಟರು ಹೇಳ್ಯಾರ. ಅದನ್ನ ಇಳಸಲೇನಬೇ?” ಮಗಳು ಕಸ್ತೂರಿ ಕೇಳಿದಳು.

“ಬ್ಯಾಡ. ಅದು ನಿನ್ನ ಮದವ್ಯಾಗ ಕೊಡಾಕ ಇಟ್ಟೀನಿ. ಮಸಿ ಹತ್ತಿದ್ದು ಕೊಟ್ರ ಬೀಗರು ಏನಂದಾರು?”

“ವರಾನ ಇನ್ನೂ ಸಿಕ್ಕಿಲ್ಲಲ್ಲ!”

“ಸಿಗತಾನ. ಅಲ್ಲೀತನಾ ಅದನ್ನ ಮುಟ್ಟಬ್ಯಾಡ.”

ಆ ಮಳೆಗಾಲದ ಒಂದು ಮುಂಜಾನೆ ಅವ್ವನ ಕೆಮ್ಮು ನಿಂತುಹೋಯಿತು. ಸಾವಾದ ಮನೆಯೊಳಗೆ ಒಲೆ ಹಚ್ಚುವಂತಿಲ್ಲ. ಅಂಗಳದಲ್ಲಿ ಕಲ್ಲು ಹೂಡಿ ಹಚ್ಚೋಣವೆಂದರೆ ಮಳೆಯ ನೀರು ನಿಂತಿತ್ತು. ಕಸ್ತೂರಿ ಅಟ್ಟ ಹತ್ತಿ ಸೀರೆಯ ಗಂಟು ಬಿಚ್ಚಿ, ಒಲೆಯನ್ನು ಹೊರಗೆ ಸೂರಿನಡಿ ತಂದಿಟ್ಟಳು.

ಅವ್ವನ ಮೈ ತೊಳೆಯುವ ನೀರು ಒಂದಿಷ್ಟೂ ಹೊಗೆಯಿಲ್ಲದೆ ಕಾಯಿತು.