ಕೆನ್ನೆಯ ಬೊಟ್ಟು

ಪ್ರತಿ ಸೋಮವಾರದಂತೆ ಅಂಗನವಾಡಿಯ ಬಾಗಿಲಲ್ಲಿ ಸರ್ಕಾರದ ಕನ್ನಡಿ ಒಂದೊಂದೇ ಮಗುವಿನ ಮುಖ ನೋಡಿ ಒಳಗೆ ಬಿಡುತ್ತಿತ್ತು. ಹುಲಿಗೆಮ್ಮನ ಮಗಳು ಪಾರಿ ಎದುರು ನಿಂತದ್ದೇ ತಡ, ಕನ್ನಡಿ ಕೆಂಪಾಯಿತು.

"ಕೆನ್ನೆಯ ಮೇಲೆ ಏಟಿನ ಗುರುತಿದೆ. ಇನ್ನು ಮಗು ಸರ್ಕಾರದ ಮಡಿಲಿಗೆ," ಎಂದಿತು.

"ಅಕ್ಕೋರ, ಅದು ದೃಷ್ಟಿಬೊಟ್ಟು ರೀ! ಮುಂಜಾನೆ ನಾನೇ ಇಟ್ಟೀನಿ!" ಹುಲಿಗೆಮ್ಮ ಟೀಚರಮ್ಮನ ಕೈ ಹಿಡಿದಳು.

"ನನಗ ಗೊತ್ತೈತವ್ವಾ, ಅದಕ್ಕ ಗೊತ್ತಿಲ್ಲ. ಕೂಸಿನ್ನ ಒಯ್ಯೂ ವ್ಯಾನ್ ಬರೂದ್ರಾಗ ಒರಸಿ ಇನ್ನೊಮ್ಮೆ ನಿಲ್ಲಸು."

ಹುಲಿಗೆಮ್ಮ ಸೆರಗಿಗೆ ಎಂಜಲು ಹಚ್ಚಿ ತಿಕ್ಕಿದಳು. ಎಣ್ಣೆಕಾಡಿಗೆ ಜಪ್ಪಯ್ಯ ಅಂದರೂ ಬಿಡಲಿಲ್ಲ. ಬೀದಿಯ ತಿರುವಿನಲ್ಲಿ ಹಾರ್ನ್ ಕೇಳಿಸಿತು. ಪಾರಿ ಚಿಟ್ಟನೆ ಚೀರುತ್ತಿದ್ದರೂ ಅವಳು ಇನ್ನಷ್ಟು ಜೋರಾಗಿ ತಿಕ್ಕಿದಳು. ಕೊನೆಗೂ ಕಪ್ಪು ಹೋಯಿತು. ಅಳುವ ಮಗುವನ್ನೆತ್ತಿ ಕನ್ನಡಿಗೆ ಹಿಡಿದಳು.

"ಕೆನ್ನೆ ಕೆಂಪಾಗಿದೆ," ಎಂದಿತು ಕನ್ನಡಿ. "ಈ ಏಟು ಹೊಸದು."