ಮದುಮಗಳ ಕುರ್ಚಿ

ಅಂಗಳಕ್ಕೆ ಕಾರು ಬಂದಾಗ ರಾಜೀವಿ ಮದುಮಗಳ ಖಾಲಿ ಕುರ್ಚಿಗೆ ಸೀರೆ ಹೊದೆಸುತ್ತಿದ್ದಳು. ಕಾರಿನಿಂದಿಳಿದ ಬಿಳಿಯ ಹೆಂಗಸನ್ನು ಕಂಡು ಅವಳ ಕೈ ನಿಂತಿತು. ಆ ಮುಖವನ್ನು ಅವಳು ನಾಲ್ಕು ಪುಸ್ತಕಗಳ ಹಿಂಬದಿಯಲ್ಲಿ ನೋಡಿದ್ದಳು.

ಅದು ಪ್ರೇತ ಮದುವೆ. ಮದುವೆಯಾಗದೆ ತೀರಿಹೋದವರಿಗೆ, ಕೂಸಾಗಿ ಸತ್ತವರಿಗೂ ಪ್ರಾಯ ತುಂಬುವ ಹೊತ್ತಿಗೆ, ಅಂಥದೇ ಜೋಡಿ ಹುಡುಕಿ ಧಾರೆಯೆರೆಯುವುದು ಊರಿನ ಕ್ರಮ. ಕಳೆದ ವರ್ಷದಿಂದ ರಾಜೀವಿಯ ತಂಗಿಯ ಮಗ ಅಶ್ವಿತ್‌ಗೆ ಬಂದ ಸಂಬಂಧವೆಲ್ಲ ಮುರಿಯುತ್ತಿತ್ತು. ಜೋಯಿಸರಲ್ಲಿ ಪ್ರಶ್ನೆ ಇಡಿಸಿದರೆ, ಈ ಮನೆಯ ಹೆಣ್ಣೊಂದು ಮದುವೆ ಕೇಳುತ್ತಿದೆ ಎಂದು ಬಂತು. ಎಲ್ಲರೂ ರಾಜೀವಿಯ ಕಡೆ ನೋಡಿದರು. ಮೂವತ್ತೆರಡು ವರ್ಷದ ಹಿಂದೆ, ಮದುವೆಯಿಲ್ಲದೆ ಹುಟ್ಟಿದ ಅವಳ ಕೂಸು ಮಂಗಳೂರಿನಲ್ಲಿ ಜ್ವರ ಬಂದು ಸತ್ತಿತ್ತಲ್ಲ.

ಸತ್ತಿರಲಿಲ್ಲ. ಆಶ್ರಮವೊಂದರಲ್ಲಿ ಬಿಟ್ಟು ಬಂದು ಹಾಗೆ ಹೇಳಿದ್ದಳು. ಆ ದಿನವೂ ಅವಳಿಗೆ ಅಳು ಬಂದಿರಲಿಲ್ಲ. ಕೂಸನ್ನು ಸಾಕಿಕೊಂಡವಳು ಆಸ್ಟ್ರೇಲಿಯಾದ ನೋರೀನ್ ಹ್ಯಾಲಮ್, ಕಥೆ ಬರೆಯುವವಳು ಎಂದು ಆಶ್ರಮದ ಆಯಾ ಆಮೇಲೆ ಗುಟ್ಟಿನಲ್ಲಿ ತಿಳಿಸಿದ್ದಳು.

ಮೂಡಬಿದ್ರೆಯ ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಲೇ ರಾಜೀವಿ ಆ ಹೆಸರಿನ ಬೆನ್ನು ಹಿಡಿದಳು. ಲೈಬ್ರರಿಯ ನುಸ್ರತ್ ಹುಡುಕಿ ಓದಿ ಹೇಳುವಳು. ಮೊದಲು ಶಾಲೆಯ ಟೀಚರ್ ಆಗಿದ್ದಳಂತೆ. ಮೊದಲ ಕಾದಂಬರಿಯನ್ನು ಯಾರೂ ಮೂಸಿ ನೋಡಲಿಲ್ಲವಂತೆ. ಎರಡನೆಯದಕ್ಕೆ ಬಹುಮಾನ, ಮೂರನೆಯದಕ್ಕೂ. ಪ್ರತಿ ಪುಸ್ತಕದ ಮೊದಲ ಪುಟದಲ್ಲಿ ‘ನನ್ನ ಮಗಳು ಲೀನಾಳಿಗೆ’ ಎಂದಿರುತ್ತಿತ್ತು. ರಾಜೀವಿಗೆ ಅಷ್ಟು ಸಾಕಿತ್ತು. ಕಳೆದ ವರ್ಷ ನಾಲ್ಕನೆಯದಕ್ಕೆ ಆ ದೇಶದ ದೊಡ್ಡ ಪ್ರಶಸ್ತಿ ಬಂದಾಗ ನೋರೀನ್ ತಾನಿನ್ನು ಬರೆಯುವುದಿಲ್ಲ ಎಂದುಬಿಟ್ಟಳಂತೆ. ಬರೆದು ದಣಿದಿರಬೇಕು ಎಂದುಕೊಂಡಳು ರಾಜೀವಿ.

ಪ್ರೇತ ವರ ಬೇಕೆಂದು ಅಣ್ಣ ಜತ್ತಪ್ಪ ಪತ್ರಿಕೆಗೆ ಕೊಟ್ಟ ಜಾಹೀರಾತು ವಾಟ್ಸಾಪಿನಲ್ಲಿ ಓಡಾಡಿ ಹೊರದೇಶದವರೆಗೂ ಮುಟ್ಟಿತ್ತು. ಕಕ್ಕಿಂಜೆ ಎಂಬ ಊರಿನ ಹೆಸರು, ಕೂಸು ಹುಟ್ಟಿದ ವರ್ಷ, ತಾಯಿಯ ಹೆಸರು, ಎಲ್ಲವೂ ಅದರಲ್ಲಿತ್ತು. ವಿಟ್ಲದ ಕಡೆಯ ವರ ಸಿಕ್ಕಿದ. ಎಳವೆಯಲ್ಲೇ ಹಾವು ಕಚ್ಚಿ ಹೋದವನು. ರಾಜೀವಿಗೆ ಏನೂ ಅನಿಸಲಿಲ್ಲ. ಮಗಳು ಎಲ್ಲೋ ಸುಖವಾಗಿರುವಾಗ ಇಲ್ಲೊಂದು ಕುರ್ಚಿಗೆ ಸೀರೆ ಉಡಿಸಿದರೆ ಯಾರಿಗೇನು ನಷ್ಟ?

ಈಗ ಮಾತ್ರ ಹೆದರಿಕೆಯಾಯಿತು. ಮಗಳು ಬದುಕಿದ್ದಾಳೆಂದು ಈಕೆ ಒಂದು ಮಾತು ಆಡಿದರೆ ವಿಟ್ಲದವರು ಎದ್ದು ಹೋಗುತ್ತಾರೆ. ಅಣ್ಣ ಮತ್ತೆ ಅವಳ ಮುಖ ನೋಡಲಾರ.

“ಪುಸ್ತಕ ಬರೆಯುವವರಂತೆ. ನಮ್ಮ ಕ್ರಮ ನೋಡ್ಲಿಕ್ಕೆ ಬಂದದ್ದು,” ಎಂದು ಜತ್ತಪ್ಪ ಆಕೆಯನ್ನು ಮುಂದಿನ ಸಾಲಿನಲ್ಲೇ ಕೂರಿಸಿದ.

ನೋರೀನ್ ಏನನ್ನೂ ಬರೆದುಕೊಳ್ಳಲಿಲ್ಲ. ಧಾರೆಯ ಹೊತ್ತಿಗೆ ಎದ್ದು ಕುರ್ಚಿಯ ಬಳಿ ಬಂದಳು. ಚೀಲದಿಂದ ಕೂಸಿನ ಅಳತೆಯ ಬೆಳ್ಳಿ ಉಡಿದಾರ ತೆಗೆದು ಸೀರೆಯ ಮೇಲಿಟ್ಟಳು. ಆಶ್ರಮದ ಬಾಗಿಲಲ್ಲಿ ರಾಜೀವಿಯೇ ಕಟ್ಟಿದ್ದ ಉಡಿದಾರ ಅದು. ಆಮೇಲೆ ರಾಜೀವಿಯನ್ನು ನೋಡಿ ಇಂಗ್ಲಿಷಿನಲ್ಲಿ ಮೆಲ್ಲಗೆ ಏನೋ ಹೇಳಿದಳು.

ಪಕ್ಕದಲ್ಲಿದ್ದ ಅಶ್ವಿತ್‌ಗೆ ಇದನ್ನೆಲ್ಲ ಇಲ್ಲಿ ಯಾಕೆ ಹೇಳುತ್ತಾರೆಂದು ತಿಳಿಯಲಿಲ್ಲ. ಕೇಳಿದ್ದನ್ನು ಕೇಳಿದ ಹಾಗೆ ದಾಟಿಸಿದ.

“ಇವರ ಮಗಳು ಕಳೆದ ವರ್ಷ ತೀರಿಕೊಂಡದ್ದಂತೆ, ದೊಡ್ಡಮ್ಮ. ಮದುವೆ ಆಗಿರ್ಲಿಲ್ಲವಂತೆ.”