ಸರದಿಯ ಹಗ್ಗ

"ಒಳಗೆ ಬಿಳಿ ರೊಟ್ಟಿ ಬೇಯ್ತಿದೆ ಕಣೇ ಜಾವೊತ್. ನನ್ನ ಮೂಗು ಸುಳ್ಳು ಹೇಳಲ್ಲ," ಎಂದಳು ಮೀನು ಮಾರುವ ಪೆರಿನ್.

"ದಿನವಿಡೀ ಮೀನಲ್ಲೇ ಬಿದ್ದಿರೋ ಮೂಗು ಅದು," ಎಂದು ನಕ್ಕರೂ ಜಾವೊತ್‌ಳ ಮುಷ್ಟಿ ಹಗ್ಗದ ಮೇಲೆ ಬಿಗಿಯಾಯಿತು. ಬೇಕರಿಯ ಬಾಗಿಲಿಗೆ ಕಟ್ಟಿದ ಆ ಹಗ್ಗ ಹಿಡಿದೇ ಪ್ಯಾರಿಸ್ಸಿನ ಹೆಂಗಸರು ಬೆಳಗಾಗುವ ಮುಂಚೆ ಸಾಲು ನಿಲ್ಲುತ್ತಿದ್ದರು. ರಾಜನ ತಲೆ ಉರುಳಿದ ಮೇಲೆ ಊರಿಗೆಲ್ಲ ಒಂದೇ ರೊಟ್ಟಿ. ಸಾಹುಕಾರನಿಗೂ ಅಗಸಗಿತ್ತಿ ಜಾವೊತ್‌ಳಿಗೂ ಅದೇ ಹೊಟ್ಟು ಬೆರೆತ ಕಂದು ರೊಟ್ಟಿ. ಬಿಳಿ ರೊಟ್ಟಿ ಬೇಯಿಸಿದರೆ ಅಪರಾಧ.

"ಮಗಳು ಹೇಗಿದಾಳೆ?"

"ಬದುಕ್ಕೊಂಡಳು. ತಿಂದದ್ದೆಲ್ಲ ರಕ್ತವಾಗಿ ಹೋಗ್ತಿತ್ತಲ್ಲ, ಈಗ ಪಕ್ಕದ್ಮನೆ ಗೊತೊನ್ ಅಜ್ಜಿ ಇದೇ ರೊಟ್ಟಿ ನೆನೆಸಿ ಗಂಜಿ ಮಾಡಿ ತಿನ್ನಿಸ್ತಾಳೆ. ಕೆನ್ನೆ ತುಂಬಿದೆ. ಸಮಾನತೆ ಅಂದ್ರೆ ಔಷಧಿ ಕಣೇ. ತಲೆ ಮಾತ್ರ ಇನ್ನೂ ನೆಟ್ಟಗಾಗಿಲ್ಲ. ದಿನಾ ಒಂದು ಹಕ್ಕಿ ತಿಂತೀನಿ ಅಂತಾಳೆ."

ಸಾಲು ನಕ್ಕಿತು. ನಗು ಮುಗಿಯುವಷ್ಟರಲ್ಲಿ ಯಾರೋ ಬೇಕರಿಯ ಬಾಗಿಲು ಒದ್ದು ತೆರೆದರು. ಸಾಲು ಒಳಗೆ ನುಗ್ಗಿತು.

ಒಲೆಯ ಹಿಂದೆ, ಬಟ್ಟೆಯ ಕೆಳಗೆ, ಅಂಗೈಯಗಲದ ಬಿಳಿ ರೊಟ್ಟಿ. ಇನ್ನೂ ಹಬೆಯಾಡುತ್ತಿತ್ತು. ಮೇಲೆ ಚಾಕುವಿನಲ್ಲಿ ಗೀರಿದ ಪುಟ್ಟ ಹಕ್ಕಿ.

"ಯಾವ ದೊರೆಮಗನಿಗೋ ಇದು?" ಜಾವೊತ್ ಬೇಕರಿಯ ಗಾಸ್ಪಾರ್‌ನ ಕೊರಳಪಟ್ಟಿ ಹಿಡಿದಳು.

ಅವನು ಅವಳನ್ನೇ ನೋಡಿದ. "ಕೇಳಬೇಡ ತಾಯಿ. ಹೆಸರು ಹೇಳಿದ್ರೆ ಈ ಜನ ಆ ಮನೇನೂ ಬಿಡಲ್ಲ."

"ನನ್ನ ಮಗು ಹೊಟ್ಟು ತಿನ್ಬೇಕು, ಅವರ ಮಗು ಇದನ್ನ ತಿನ್ಬೇಕಾ?"

"ಕೈ ಮುಗೀತೀನಿ. ಕೇಳಬೇಡ."

ಅವಳು ರೊಟ್ಟಿಯನ್ನು ಮೋರಿಗೆಸೆದು ತುಳಿದಳು. ಪೆರಿನ್ ಒಲೆಯ ಮರದ ಸಲಿಕೆ ಬೀಸಿದಳು. ಅವನ ಹಲ್ಲುಗಳು ಹಿಟ್ಟಿನ ಮೇಲೆ ಉದುರಿದವು. ಅಷ್ಟಕ್ಕೇ ಬಿಡಲಿಲ್ಲ. ಕೂದಲು ಹಿಡಿದು ಬೀದಿದೀಪದ ಕೆಳಗೆ ಎಳೆತಂದರು. ಹಗ್ಗ ಎಲ್ಲಿ ಎಂದು ಯಾರೋ ಕೂಗಿದಾಗ, ಬಾಗಿಲಿನಿಂದ ಸರದಿಯ ಹಗ್ಗ ಬಿಚ್ಚಿ ತಂದವಳು ಜಾವೊತ್. ಹೆಂಗಸರೆಲ್ಲ ಎಂದಿನಂತೆ ಸಾಲಾಗಿ ಅದನ್ನು ಹಿಡಿದು ನಿಂತರು. ಎಳೆದರು. ಮೇಲೆ ಕಾಲುಗಳು ಬಹಳ ಹೊತ್ತು ಒದ್ದಾಡಿದವು.

ಮನೆಗೆ ಬಂದಾಗ ಅವಳ ಅಂಗೈ ಸುಲಿದಿತ್ತು. ಮಗಳು ಲಿಸೆಟ್ ಹಾಸಿಗೆಯಲ್ಲಿ ಎದ್ದು ಕೂತಿದ್ದಳು.

"ಅಜ್ಜಿ ಎಲ್ಲಿ?"

"ಗಂಜಿಗೆ ರೊಟ್ಟಿ ತರೋಕೆ ಹೋದ್ಲು. ಇನ್ನೂ ಬಂದಿಲ್ಲ. ನಿನಗೆ ಹಸಿವಾ ಅಮ್ಮಾ? ನಿನ್ನೆ ರೊಟ್ಟೀಲಿ ಒಂಚೂರು ಎತ್ತಿಟ್ಟಿದೀನಿ."

ಮಗು ದಿಂಬಿನಡಿಯಿಂದ ಒಣಗಿದ ಬಿಳಿ ರೊಟ್ಟಿಯ ತುಣುಕೊಂದನ್ನು ತೆಗೆದು ಅವಳ ಸುಲಿದ ಅಂಗೈಯಲ್ಲಿಟ್ಟಿತು. ಅದರ ಮೇಲೆ, ಚಾಕುವಿನಲ್ಲಿ ಗೀರಿದ ಒಂದು ರೆಕ್ಕೆಯಿತ್ತು.